ಒಂದು ಇಂಚು ಮೂವತ್ತು ಸೆಂಟು

ಹೊನ್ನೆಕಾಡು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಸೌಜನ್ಯ ಮೊದಲ ಹದಿನೆಂಟು ತಿಂಗಳಲ್ಲಿ ಒಂದು ಸಲವೂ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲಿಲ್ಲ. ಆ ಕುರ್ಚಿಯಲ್ಲಿ ಅವಳ ಗಂಡ ಶಶಿಧರ್ ಕೂರುತ್ತಿದ್ದ. ಹತ್ತೊಂಬತ್ತನೆಯ ತಿಂಗಳು, ಫೆಬ್ರುವರಿಯ ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು, ಕಾಲೊನಿಯವರು ಕುಡಿಯುವ ಹಳ್ಳದ ನೀರನ್ನು ರೆಸಾರ್ಟಿಗೆ ಬಿಡುವ ಠರಾವಿಗೆ ಸಹಿ ಹಾಕುವುದಿಲ್ಲ ಎಂದಳು. ಮಾರ್ಚ್ ಹದಿನಾಲ್ಕರಿಂದ ಅವಳನ್ನು ಊರಿನ ಯಾರೂ ನೋಡಿಲ್ಲ. ಹದಿನೇಳರಂದು ಅವಳ ರಾಜೀನಾಮೆ ಪತ್ರ ಚಿಕ್ಕಮಗಳೂರಿನ ಉಪವಿಭಾಗಾಧಿಕಾರಿಗಳ ಟಪಾಲಿಗೆ ಬಂದು ಬಿತ್ತು.

“ಕಾಫಿ ತಗೊಳ್ಳಿ ಮೇಡಂ. ನಮ್ಮದೇ ತೋಟದ್ದು,” ಎಂದ ಶಶಿಧರ್, ಮೂರನೆಯ ಸಲ.

ಸಬ್ ಇನ್ಸ್‌ಪೆಕ್ಟರ್ ನೌರೀನ್ ಲೋಟ ಮುಟ್ಟಲಿಲ್ಲ. ರಂಜಾನಿನ ಇಪ್ಪತ್ತಾರನೆಯ ಉಪವಾಸ ಅವಳದು. ಗೌರಿಕಾನು ಎಸ್ಟೇಟಿನ ಯಜಮಾನನಿಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಬಂದ ಗಳಿಗೆಯಲ್ಲೇ ಅವನು ಅವಳ ಅಪ್ಪನ ಹೆಸರೆತ್ತಿದ್ದ. ಬಣಕಲ್‌ನಲ್ಲಿ ಗ್ಯಾರೇಜ್ ಇಟ್ಟಿದ್ದ ಶಂಶುದ್ದೀನ್ ಸಾಬರು ಈ ಮನೆಯ ಜೀಪಿನಡಿಗೆ ಎಷ್ಟು ಸಲ ಮಲಗಿ ಎದ್ದಿದ್ದಾರೆ ಎಂಬುದನ್ನು ನಗುನಗುತ್ತಲೇ ನೆನಪಿಸಿದ್ದ. ನೀನು ಎಲ್ಲಿಂದ ಬಂದು ಎಲ್ಲಿ ಕೂತಿದ್ದೀಯ ನೋಡಿಕೋ ಎಂದು ಹೇಳುವ ಬಗೆ ಈ ಬಂಗಲೆಗಳಲ್ಲಿ ಬಲು ನಯವಾಗಿರುತ್ತದೆ.

ಗಂಟೆ ಎರಡೂಕಾಲು. ಕೊಟ್ಟ ರಾಜೀನಾಮೆಯನ್ನು ಅಧ್ಯಕ್ಷೆ ಹತ್ತು ದಿನದೊಳಗೆ ವಾಪಸ್ ಪಡೆಯಬಹುದು ಎನ್ನುತ್ತದೆ ಕಾನೂನು. ಇವತ್ತು ಹತ್ತನೆಯ ದಿನ. ಸಂಜೆ ಐದೂವರೆಗೆ ಆ ಕಚೇರಿಯ ಬಾಗಿಲು ಮುಚ್ಚಿದರೆ ಅಧಿಕಾರ ಉಪಾಧ್ಯಕ್ಷನ ಕೈಗೆ. ಉಪಾಧ್ಯಕ್ಷ ಶಶಿಧರನ ಸ್ವಂತ ಸೋದರಮಾವ. ಆಮೇಲೆ ಹಳ್ಳಕ್ಕೆ ಪೈಪು ಬೀಳಲು ವಾರವೂ ಬೇಕಿಲ್ಲ.

ದೂರು ಕೊಟ್ಟವಳು ಸೌಜನ್ಯಳ ತಂಗಿ ರಶ್ಮಿ, ಗೋಣಿಬೀಡಿನ ಶಾಲೆಯಲ್ಲಿ ಮೇಡಂ. ಅಕ್ಕನ ಫೋನಿನಿಂದ ಮೆಸೇಜು ಬರುತ್ತದೆ, ದನಿ ಬರುವುದಿಲ್ಲ ಎಂಬುದಷ್ಟೇ ಅವಳ ದೂರು. ಅದಕ್ಕೆ ಶಶಿಧರನ ಬಳಿ ಉತ್ತರ ತಯಾರಿತ್ತು. ಹೆಂಡತಿಯ ಮನಸ್ಸು ಸರಿ ಇಲ್ಲ, ಹದಿನಾಲ್ಕನೇ ತಾರೀಖಿಗೆ ಶಿವಮೊಗ್ಗದ ನೆಂಟರ ಮನೆಗೆ ವಿಶ್ರಾಂತಿಗೆ ಕಳಿಸಿದ್ದೇನೆ, ಯಾರ ಹತ್ತಿರವೂ ಮಾತಾಡಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ ಎಂದ. ಡಾಕ್ಟರ ಹೆಸರು ಕೇಳಿದರೆ ನೆನಪಾಗಲಿಲ್ಲ. ನೆಂಟರ ವಿಳಾಸ ಕೇಳಿದರೆ ವಕೀಲರ ಮೂಲಕ ಕೊಡುತ್ತೇನೆ ಎಂದ. ಒಂಬತ್ತು ವರ್ಷದ ಮಗಳು ಕೃತಿಕಾ ಎಲ್ಲಿ ಎಂದರೆ, ಅಮ್ಮನ ಜೊತೆಯಲ್ಲೇ, ಪರೀಕ್ಷೆ ಬಿಡಿಸಿ ಕಳಿಸಬೇಕಾಯಿತು ಎಂದ.

ಜಗುಲಿಯ ಮೂಲೆಯಲ್ಲಿ ಅವನ ತಾಯಿ ಗಿರಿಜಾಂಬಾ ಮೊರದ ತುಂಬ ಕರಿಮೆಣಸು ಹರವಿಕೊಂಡು ಜೊಳ್ಳು ಆರಿಸುತ್ತಿದ್ದರು. ತಲೆ ಎತ್ತಲೇ ಇಲ್ಲ. ಹೆಡ್ ಕಾನ್‌ಸ್ಟೆಬಲ್ ಕಲ್ಲೇಶ್ ಕಂಬಕ್ಕೆ ಒರಗಿ ತೋಟ ನೋಡುತ್ತಾ ನಿಂತಿದ್ದ. ಕೆಳಗೆ ಗುಡ್ಡವೆಲ್ಲ ಬೆಳ್ಳಗಾಗಿತ್ತು. ಹೂಮಳೆ ಬಿದ್ದು ಒಂಬತ್ತು ದಿನ. ರೋಬಸ್ಟಾ ಗಿಡಗಳು ರೆಂಬೆ ಕಾಣದಂತೆ ಅರಳಿ, ಜೇನುನೊಣಗಳ ಮೊರೆತ ಮನೆಯವರೆಗೂ ಬರುತ್ತಿತ್ತು. ಅಷ್ಟು ಬಿಳುಪಿನ ನಡುವೆ ಆ ಜಗುಲಿ ಮಾತ್ರ ಸಾವಾದ ಮನೆಯ ಹಾಗಿತ್ತು.

ಶಶಿಧರನ ಫೋನು ಹೊಡೆದುಕೊಂಡಿತು. ಅತ್ತಿಗುಂಡಿ ಕಡೆಯ ಯಾರೋ ಪ್ಲಾಂಟರು. ಬೆಟ್ಟದ ಮೇಲೆ ಒಬ್ಬ ಬೆಳೆಗಾರ ಇನ್ನೊಬ್ಬನಿಗೆ ಫೋನ್ ಮಾಡಿದರೆ ಹೆಂಡತಿ ಮಕ್ಕಳ ಕ್ಷೇಮ ಆಮೇಲೆ. ಮೊದಲ ಪ್ರಶ್ನೆ ನಿಮ್ಮಲ್ಲಿ ಎಷ್ಟು ಸೆಂಟು ಬಂತು ಅಂತ. ನೂರು ಸೆಂಟಿಗೆ ಒಂದು ಇಂಚು ಮಳೆ. ಮಾರ್ಚಿನ ಹೂಮಳೆಯ ಇಂಚು ಸೆಂಟಿನ ಮೇಲೆ ಒಂದು ವರ್ಷದ ಫಸಲು, ಒಂದು ವರ್ಷದ ಪ್ರತಿಷ್ಠೆ ನಿಂತಿರುತ್ತದೆ.

ಪೊಲೀಸರು ಎದುರಿಗಿದ್ದಾರೆ ಎಂಬುದನ್ನೂ ಮರೆತು ಶಶಿಧರನ ಮುಖ ಅರಳಿತು. “ನಮ್ಮಲ್ಲಿ ಒಂದು ಇಂಚು ಮೂವತ್ತು ಸೆಂಟು ಮಾರಾಯ. ಬಾಯಿಮಾತಲ್ಲ, ಪುಸ್ತಕದಲ್ಲಿದೆ. ಬೇಕಾದ್ರೆ ಬಂದು ನೋಡು.”

ಫೋನಿಟ್ಟವನೇ, ನೀವೂ ನೋಡಬೇಕು ಮೇಡಂ, ನಿಮ್ಮಂಥವರಿಗೆ ಇದೆಲ್ಲ ಎಲ್ಲಿ ನೋಡೋಕೆ ಸಿಗುತ್ತೆ ಎಂದು ಒಳಗೆ ಹೋಗಿ ಕೆಂಪು ರಟ್ಟಿನ ಉದ್ದದ ಪುಸ್ತಕ ತಂದ. ಅವನ ತಂದೆ ಓಂಕಾರಮೂರ್ತಿ ೧೯೬೮ರಲ್ಲಿ ಮನೆಯ ಹಿಂದೆ ಮಳೆ ಅಳೆಯುವ ಡಬ್ಬಿ ನೆಟ್ಟರಂತೆ. ಅಂದಿನಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅದನ್ನು ಅಳೆದು ಬರೆಯುವುದು ಒಂದು ದಿನವೂ ತಪ್ಪಿಲ್ಲವಂತೆ. ಸಾವು ಬಂದರೂ ಸೂತಕ ಬಂದರೂ ಮಳೆ ಪುಸ್ತಕಕ್ಕೆ ರಜೆ ಇಲ್ಲ. ಹೀಗೆ ಹೇಳುತ್ತಾ ಅವನು ಪುಸ್ತಕವನ್ನು ಬಿಚ್ಚಿ ಅವಳ ತೊಡೆಯ ಮೇಲೇ ಇಟ್ಟ.

ನೌರೀನ್ ಮಾರ್ಚಿನ ಪುಟ ನೋಡಿದಳು.

ಮಳೆ ಬಾರದ ದಿನವೂ ಬರೆಯಬೇಕು. ತಿಂಗಳ ಮೊದಲಿನಿಂದ ಸಾಲಾಗಿ ‘ಇಲ್ಲ’ ಎಂದಿತ್ತು. ಗುಂಡಗಿನ, ಒತ್ತಿ ಬರೆದ ಅಕ್ಷರ. ತಾರೀಖುಗಳು ಕನ್ನಡ ಅಂಕಿಯಲ್ಲಿ. ಅವಳು ಎರಡು ವರ್ಷ ಹಿಂದಕ್ಕೆ ಮಗುಚಿದಳು. ಅಲ್ಲಿ ಬೇರೆ ಕೈಬರಹ, ಇಂಗ್ಲಿಷ್ ಅಂಕಿ, ಮಳೆಯಿಲ್ಲದ ದಿನಕ್ಕೆ ‘ನಿಲ್’. ಈಗಿನ ಕೈ ಶುರುವಾದದ್ದು ಕಳೆದ ವರ್ಷದ ಜೂನಿನಿಂದ.

ಈ ಕೈಯನ್ನು ಅವಳು ನೋಡಿದ್ದಳು. ಮೂರು ದಿನದ ಹಿಂದೆ ರಶ್ಮಿ ತಂದುಕೊಟ್ಟಿದ್ದ ಅಕ್ಕನ ಹಳೆಯ ಕಾಗದ ಬ್ಯಾಗಿನಲ್ಲೇ ಇತ್ತು. ಮದುವೆಗೆ ಮೊದಲು ಸೌಜನ್ಯ ಮೂಡಿಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ಫೋನ್ ನಂಬರನ್ನೂ ಕನ್ನಡ ಅಂಕಿಯಲ್ಲೇ ಬರೆಯುತ್ತಾಳೆ ಎಂದು ರಶ್ಮಿ ನಕ್ಕಿದ್ದಳು, ನಗುತ್ತಾ ಅತ್ತಿದ್ದಳು. ನೌರೀನ್ ಕಾಗದ ತೆಗೆದು ಪುಟದ ಪಕ್ಕ ಹಿಡಿದಳು. ‘ಲ್ಲ’ದ ಒತ್ತು ಸುತ್ತಿ ಬಾಲ ಎಳೆದ ರೀತಿ ಒಂದೇ. ಏಳರ ಕೊಂಕೂ ಒಂದೇ.

ಹದಿನಾಲ್ಕು, ಇಲ್ಲ. ಹದಿನೈದು, ಇಲ್ಲ. ಹದಿನಾರು ಒಂದು ದಿನ ಮಾತ್ರ ಬರೀ ಖಾಲಿ. ಹತ್ತೊಂಬತ್ತು: ಒಂದು ಇಂಚು ಮೂವತ್ತು ಸೆಂಟು. ಇಪ್ಪತ್ತು, ಇಲ್ಲ. ಬೆರಳಿಟ್ಟು ಇಳಿದಳು. ಇಪ್ಪತ್ತೇಳು, ಇಲ್ಲ.

ಇಪ್ಪತ್ತೇಳು ಇವತ್ತಿನ ತಾರೀಖು.

“ಇದನ್ನ ಬರೆಯೋರು ಯಾರು?” ಎಂದಳು, ಮಳೆಯ ಬಗ್ಗೆಯೇ ಕುತೂಹಲ ಎಂಬ ಹಾಗೆ.

“ರೈಟರ್ ಗುರುವಯ್ಯ. ತೋಟದ ಲೆಕ್ಕಪತ್ರ ಎಲ್ಲ ಅವನದ್ದೇ.”

ಕಂಬಕ್ಕೆ ಒರಗಿದ್ದ ಕಲ್ಲೇಶ್ ಕೆಮ್ಮಿದ. ಅವನದು ಇಪ್ಪತ್ತೆಂಟು ವರ್ಷದ ಸರ್ವಿಸು. ದೊಡ್ಡವರ ಮನೆಯಲ್ಲಿ ಬಾಯಿ ಬಿಡದೆ ಉಳಿಸಿಕೊಂಡ ಸರ್ವಿಸು. ಈಗ ಬಾಯಿ ಬಿಟ್ಟ.

“ಗುರುವಯ್ಯನ ಬಲಗೈ ಪ್ಲಾಸ್ಟರಲ್ಲಿದೆ ಮೇಡಂ. ಹನ್ನೆರಡನೇ ತಾರೀಖು ಬಣಕಲ್ ತಿರುವಲ್ಲಿ ಸ್ಕೂಟರ್ ಜಾರಿದ್ದು. ಮಹಜರು ನಾನೇ ಬರ್ದೆ. ಪಾಪ, ಸಹಿ ಹಾಕೋಕಾಗದೆ ಹೆಬ್ಬೆಟ್ಟು ಒತ್ತಿದ.”

ಶಶಿಧರ್ ಪುಸ್ತಕಕ್ಕೆ ಕೈ ಚಾಚಿದ. ನೌರೀನ್ ಕೊಡಲಿಲ್ಲ.

“ಹಂಗಾದ್ರೆ ಅಮ್ಮ ಬರ್ದಿರಬೇಕು,” ಎಂದ ಅವನು, ಮೂಲೆಯತ್ತ ತಿರುಗಿ. “ಅಲ್ವೇನಮ್ಮಾ? ಗುರುವಯ್ಯ ಬಿದ್ದ ಮೇಲೆ ನೀನೇ ತಾನೆ ಬರೀತಿರೋದು?”

ಗಿರಿಜಾಂಬಾ ಮೊರ ಕೆಳಗಿಟ್ಟರು. ಮಗನ ಕಡೆ ನೋಡಲಿಲ್ಲ, ನೌರೀನಳ ಕಡೆ ನೋಡಿದರು.

“ನಾನೂ ಐದು ವರ್ಷ ಈ ಊರಿನ ಅಧ್ಯಕ್ಷೆ ಆಗಿದ್ದೆ ತಾಯಿ. ಪಂಚಾಯ್ತಿ ಕಟ್ಟಡದ ಬಾಗಿಲು ಯಾವ ದಿಕ್ಕಿಗಿದೆ ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ,” ಎಂದರು. “ನನ್ನ ಕೈಲಿ ಬರೆಸಿದ್ದು ಬರೀ ಹೆಸರು. ಇಂಚು ಸೆಂಟು ಯಾರೂ ಕಲಿಸ್ಲಿಲ್ಲ.”

ಅಷ್ಟೇ. ಮತ್ತೆ ಮೊರ ಎತ್ತಿಕೊಂಡರು. ಅವರ ತಲೆಯ ಮೇಲೆ ಗೋಡೆಯಲ್ಲಿ ಒಂದು ಫೋಟೊ ತೂಗುತ್ತಿತ್ತು: ‘ಅಧ್ಯಕ್ಷೆ ಶ್ರೀಮತಿ ಗಿರಿಜಾಂಬಾ ಅವರಿಗೆ ಸನ್ಮಾನ’. ಚಿತ್ರದಲ್ಲಿ ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿಂತಿದ್ದವರು ಓಂಕಾರಮೂರ್ತಿ. ಮೀಸಲಾತಿ ಬಂದು ಮೂವತ್ತು ವರ್ಷವಾಯಿತು. ಹೆಣ್ಣಿಗೆ ಕುರ್ಚಿ ಕೊಟ್ಟರು, ಆ ಕುರ್ಚಿಗೆ ಗಂಡನನ್ನು ಕೊಟ್ಟರು.

ನೌರೀನ್ ಏಳುವಷ್ಟರಲ್ಲಿ ಅವಳ ಫೋನು ನಡುಗಿತು. ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು. ಗೌರಿಕಾನಿನಲ್ಲಿ ಇನ್ನೂ ಏನು ಕೆಲಸ ಎಂದು ಕೇಳಿದರು. ಅದು ಸಂಸಾರದ ಜಗಳ, ಆ ಹುಡುಗಿಗೆ ಸ್ವಲ್ಪ ಮೆಂಟಲ್ ತೊಂದರೆ ಇದೆ, ಗಂಡನ ಹೇಳಿಕೆ ಬರೆದುಕೊಂಡು ನಾಲ್ಕು ಗಂಟೆಯೊಳಗೆ ಠಾಣೆಗೆ ಬಾ ಎಂದರು. ಆಯಿತು ಸರ್ ಎಂದು ಫೋನಿಟ್ಟ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಗೌರಿಕಾನಿಗೆ ಹೊರಟಿದ್ದೇನೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಕಲ್ಲೇಶನಿಗೂ ದಾರಿಯಲ್ಲೇ ಹೇಳಿದ್ದು.

“ಸಾಹೇಬ್ರು ಕರೀತಿದಾರೆ ಅನ್ಸುತ್ತೆ,” ಎಂದ ಶಶಿಧರ್.

“ಮಳೆ ಡಬ್ಬಿ ನೋಡ್ಕೊಂಡು ಹೋಗ್ತೀನಿ. ನಮ್ಮಂಥವರಿಗೆ ಎಲ್ಲಿ ಸಿಗುತ್ತೆ,” ಎಂದಳು ನೌರೀನ್.

ಅವನು ಅಡ್ಡ ಬಂದು, ಹಿಂದುಗಡೆ ನಾಯಿ ಬಿಟ್ಟಿದೆ ಎಂದ. ನಾಯಿ ಜಗುಲಿಯ ಮೆಟ್ಟಿಲಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿತ್ತು. ಅವಳು ಅದನ್ನು ದಾಟಿಕೊಂಡು ಇಳಿದಳು.

ಮನೆಯ ಹಿಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಕಣದಾಚೆ ಬೇಲಿ ಕಟ್ಟಿದ ಒಂದು ಗಜದ ಜಾಗದಲ್ಲಿ ಹಿತ್ತಾಳೆಯ ಡಬ್ಬಿ, ಪಕ್ಕದಲ್ಲಿ ಅಳತೆಯ ಗಾಜು ಬೋರಲು. ಅದರ ಎದುರಿಗೇ ಹಂಚಿನ ಒಂದು ಕೋಣೆ, ಹಿಂದೆ ಮೇಸ್ತ್ರಿ ಇರುತ್ತಿದ್ದದ್ದು. ಡಬ್ಬಿಯಿಂದ ಕೋಣೆಯ ಬಾಗಿಲಿಗೆ ಹುಲ್ಲು ಸವೆದು ಸಣ್ಣ ಕಾಲುದಾರಿ ಬಿದ್ದಿತ್ತು. ಬೇರೆ ಯಾವ ಕಡೆಗೂ ಹುಲ್ಲು ಸವೆದಿರಲಿಲ್ಲ.

ನೌರೀನ್ ಬಾಗಿಲ ಮುಂದೆ ನಿಂತಳು. ಒದ್ದು ಮುರಿಯಬೇಕಾದೀತು ಎಂದು ಕಲ್ಲೇಶನನ್ನು ಕರೆಯುವವಳಿದ್ದಳು. ಆದರೆ ಬಾಗಿಲಿಗೆ ಬೀಗವಿರಲಿಲ್ಲ. ಚಿಲಕವೂ ಇರಲಿಲ್ಲ. ಅಂಗೈಯಿಂದ ತಳ್ಳಿದರೆ ತೆರೆದುಕೊಂಡಿತು.

ಒಳಗೆ ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ, ನೀರಿನ ಕೊಡ. ಕುರ್ಚಿಯಲ್ಲಿ ಮೂವತ್ತಾರರ ಹೆಂಗಸು, ತಲೆ ಬಾಚಿ, ಸೀರೆ ಅಚ್ಚುಕಟ್ಟಾಗಿ ಉಟ್ಟು, ಬಸ್ಸಿಗೆ ಕಾಯುವವರ ಹಾಗೆ ನೇರವಾಗಿ ಕೂತಿದ್ದಳು. ಚುನಾವಣೆಯ ಪೋಸ್ಟರಿನಲ್ಲಿ ಗಂಡನ ಭುಜದ ಹಿಂದೆ ಅಂಚೆಚೀಟಿಯಷ್ಟು ಕಾಣುತ್ತಿದ್ದ ಮುಖ ಅದೇ.

“ನೋಡಿ,” ಎಂದ ಹಿಂದೆ ಬಂದ ಶಶಿಧರ್. ಅವನ ದನಿಯಲ್ಲಿ ಸಿಕ್ಕಿಬಿದ್ದವನ ಅಳುಕು ಇರಲಿಲ್ಲ, ಗೆದ್ದವನ ಬೇಸರವಿತ್ತು. “ಬೀಗ ಇದೆಯಾ? ಹಗ್ಗ ಇದೆಯಾ? ಬೆಳಿಗ್ಗೆ ಹೊರಗೆ ಬರ್ತಾಳೆ, ಬಿಸಿಲಿಗೆ ನಿಲ್ತಾಳೆ. ಗೇಟಿಗೆ ನೂರು ಹೆಜ್ಜೆ. ಹೋಗಬೇಡ ಅಂದೋರು ಯಾರು? ಶಿವಮೊಗ್ಗ ಅಂತ ಹೇಳಿದ್ದು ಮನೆ ಮರ್ಯಾದೆಗೆ. ಹೆಂಡ್ತಿ ಗಂಡನ ತೋಟದಲ್ಲಿ ಇರೋದು ಯಾವ ಸೆಕ್ಷನ್ನಿಗೆ ಬರುತ್ತೆ, ಹೇಳಿ ಮೇಡಂ.”

ಕಲ್ಲೇಶನಿಗೆ ಕಣ್ಣು ಮಾಡಿ ಅವನನ್ನು ಕಣದಾಚೆ ನಿಲ್ಲಿಸಲು ಹೇಳಿ, ನೌರೀನ್ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಹೊಡೆದಿದ್ದಾರಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದಳು ಸೌಜನ್ಯ. ಹೊಡೆದಿದ್ದರೆ ತೋರಿಸಲು ಒಂದು ಗುರುತಾದರೂ ಇರುತ್ತಿತ್ತು ಎಂಬ ಧಾಟಿಯಲ್ಲಿ.

ಆಮೇಲೆ ಕೇಳಬಾರದ ಪ್ರಶ್ನೆ, ಊರು ಲೋಕವೆಲ್ಲ ಕೇಳುವ ಪ್ರಶ್ನೆ, ಅವಳ ಬಾಯಿಂದಲೂ ಬಂದೇಬಿಟ್ಟಿತು. ಹೊರಟು ಯಾಕೆ ಹೋಗಲಿಲ್ಲ?

ಸೌಜನ್ಯ ಸಾವಕಾಶವಾಗಿ ಹೇಳಿದಳು. ಹದಿನಾಲ್ಕರ ಬೆಳಿಗ್ಗೆ ಕೃತಿಕಾಳನ್ನು ಶಾಲೆಗೆಂದು ಕರೆದೊಯ್ದ ಗಂಡ ಒಬ್ಬನೇ ವಾಪಸ್ ಬಂದ. ಎಲ್ಲಿದ್ದಾಳೆಂದು ಈವರೆಗೆ ಹೇಳಿಲ್ಲ. ಷರತ್ತು ಮಾತ್ರ ಹೇಳಿದ. ಗ್ರಾಮಸಭೆಯಲ್ಲಿ ಬಾಯಿ ಬಿಟ್ಟದ್ದು ಹೇಗೂ ಆಯಿತು, ಇನ್ನು ತಾನು ಹೇಳುವ ತನಕ ಯಾರ ಕಣ್ಣಿಗೂ ಬೀಳದೆ ಈ ಕೋಣೆಯಲ್ಲಿರಬೇಕು. ದಿನಾ ಎಂಟೂವರೆಗೆ ಎದ್ದು ಹೋಗಿ ಮಳೆ ಅಳೆದು, ಬರೆದು, ಪುಸ್ತಕವನ್ನು ಅವನ ಕೈಗೆ ಒಪ್ಪಿಸಬೇಕು. ಒಪ್ಪಿಸಿದರೆ ಅವನ ಫೋನಿನಲ್ಲಿ, ಸ್ಪೀಕರ್ ಹಾಕಿ, ಮಗಳ ಜೊತೆ ಒಂದು ನಿಮಿಷ.

“ಹದಿನಾರನೇ ತಾರೀಖು ನಾನು ಬರೀಲಿಲ್ಲ. ರಾಜೀನಾಮೆ ಕಾಗದಕ್ಕೆ ಸಹಿ ಕೇಳಿದ್ರು, ಆಗಲ್ಲ ಅಂದೆ, ಮಳೇನೂ ಅಳೀಲಿಲ್ಲ. ಅವತ್ತು ಫೋನ್ ಬರ್ಲಿಲ್ಲ. ರಾತ್ರಿ ಸಹಿ ಹಾಕಿದೆ. ಮಾರನೆ ದಿನ ಬಂತು.” ತನ್ನ ಬೆರಳುಗಳನ್ನು ನೋಡಿಕೊಂಡಳು. “ಮಗು ಅಳ್ತಿರ್ಲಿಲ್ಲ ಮೇಡಂ. ಅಮ್ಮಾ ನೀನು ಏನು ತಪ್ಪು ಮಾಡಿದೆ ಅಂತ ಕೇಳಿದ್ಲು.”

ಬೀಗವಿಲ್ಲದ ಬಾಗಿಲು ಗಾಳಿಗೆ ಸ್ವಲ್ಪ ಸರಿದು ಮತ್ತೆ ನಿಂತಿತು.

ಪುಸ್ತಕದಲ್ಲಿ ಕನ್ನಡ ಅಂಕಿ ಬೇಕೆಂತಲೇ ಬರೆದದ್ದಾ ಎಂದು ಕೇಳಿದಳು ನೌರೀನ್.

“ಅಂಕಿ ಮೊದ್ಲಿಂದ್ಲೂ ಹಂಗೇ ಬರೆಯೋದು. ಆದ್ರೆ ಹೂಮಳೆ ಬಿದ್ದ ದಿನ ಖುಷಿ ಆಯ್ತು ನಂಗೆ. ಇನ್ನು ಆ ಪುಸ್ತಕ ನಾಲ್ಕು ಜನ ನೋಡೇ ನೋಡ್ತಾರೆ ಅಂತ. ಊರಲ್ಲಿಲ್ಲದೋಳ ಕೈಬರಹ ಇಲ್ಲಿ ಹೆಂಗೆ ಬಂತು ಅಂತ ಒಬ್ರಾದ್ರೂ ಕೇಳ್ತಾರೆ ಅಂತ. ಆರು ಜನ ಬಂದಿದ್ರು ಪ್ಲಾಂಟರುಗಳು. ಅದ್ರಲ್ಲಿ ಇಬ್ರ ಮಕ್ಳಿಗೆ ನಾನೇ ಕನ್ನಡ ಹೇಳ್ಕೊಟ್ಟಿದ್ದು. ನೋಡಿದ್ರು.”

“ಏನೂ ಕೇಳ್ಲಿಲ್ವಾ?”

“ಸೆಂಟು ನೋಡಿದ್ರು.”

ಶಶಿಧರ್ ಅಷ್ಟರಲ್ಲಿ ಕಲ್ಲೇಶನನ್ನು ಸರಿಸಿಕೊಂಡು ಬಂದಿದ್ದ. ಅವನ ಕೈಯಲ್ಲಿ ವಕೀಲರಿಂದ ಟೈಪ್ ಮಾಡಿಸಿ ತಂದಿಟ್ಟುಕೊಂಡ ಹಾಳೆ. ಅನಾರೋಗ್ಯದ ಕಾರಣ ಸ್ವಇಚ್ಛೆಯಿಂದ ರಾಜೀನಾಮೆ ನೀಡಿರುತ್ತೇನೆ, ಪತಿಯ ಮನೆಯಲ್ಲಿ ಕ್ಷೇಮವಾಗಿರುತ್ತೇನೆ, ತಂಗಿಯ ದೂರು ಸುಳ್ಳು ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ, ಪೊಲೀಸ್ ಸಾಕ್ಷಿಗೆ ಜಾಗ. ಪೆನ್ನಿನ ಮುಚ್ಚಳ ತೆಗೆದು ಹೆಂಡತಿಯ ಮುಂದೆ ಹಿಡಿದ. ಹದಿನೆಂಟು ತಿಂಗಳು ಹೀಗೇ ಹಿಡಿದು ಅಭ್ಯಾಸವಾದ ಕೈ ಅದು.

“ಹಾಕು,” ಎಂದ. “ಮೇಡಮ್‌ಗೂ ಹೊತ್ತಾಯ್ತು.”

ಸೌಜನ್ಯ ಪೆನ್ನು ತೆಗೆದುಕೊಂಡಳು. ಅದರ ಮುಚ್ಚಳವನ್ನೂ ಅವನ ಕೈಯಿಂದ ಕೇಳಿ ತೆಗೆದುಕೊಂಡು, ಮುಚ್ಚಿ, ಕೊಡದ ಪಕ್ಕ ಇಟ್ಟಳು.

“ಹಾಕಲ್ಲ ರೀ.”

“ನಾಳೆ ಬೆಳಿಗ್ಗೆ ಫೋನ್ ಇಲ್ಲ ಹಂಗಾದ್ರೆ,” ಎಂದ ಅವನು ತಣ್ಣಗೆ. “ನಾಡಿದ್ದೂ ಇಲ್ಲ.”

ಮಗುವನ್ನು ಒತ್ತೆ ಇಟ್ಟ ಮಾತನ್ನು ಪೊಲೀಸರ ಎದುರೇ ಆಡಿದ್ದ. ನೌರೀನಳಿಗೆ ಅಷ್ಟು ಸಾಕಿತ್ತು. ಫೋನು ಕೊಡಿ ಎಂದಳು. ಅವನು ಅದನ್ನು ಲಾಕ್ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡ. ಅದನ್ನು ಕಸಿದುಕೊಂಡು ಅವನನ್ನು ಕಣದ ಆ ತುದಿಗೆ ಒಯ್ದು ನಿಲ್ಲಿಸಿದ್ದು ಕಲ್ಲೇಶ್. ತನ್ನ ಇಪ್ಪತ್ತೆಂಟು ವರ್ಷದ ಸರ್ವಿಸಿಗೆ ತಾನೇ ತರ್ಪಣ ಬಿಟ್ಟೆ ಎಂಬಂಥ ಮುಖ ಮಾಡಿಕೊಂಡು ಅವನು ಓಡಿಹೋಗಿ, ಜೀಪನ್ನು ಮನೆ ಬಳಸಿ ಕೋಣೆಯ ಬಾಗಿಲಿಗೇ ತಂದು ನಿಲ್ಲಿಸಿದ.

ಮೂರೂ ಹತ್ತು. ಚಿಕ್ಕಮಗಳೂರಿಗೆ ಒಂದೂವರೆ ತಾಸಿನ ಘಾಟಿ ದಾರಿ. ಹೋಗಿ ಒಂದು ಸಾಲು ಬರೆದುಕೊಟ್ಟರೆ ಸಾಕು, ರಾಜೀನಾಮೆ ಸತ್ತುಹೋಗುತ್ತದೆ.

“ಹತ್ತಿ ಸೌಜನ್ಯ ಅವ್ರೇ. ಮಗುನ ಹುಡುಕೋದು ನನ್ನ ಜವಾಬ್ದಾರಿ. ಈಗ ಹೊರಟ್ರೆ ಹೊತ್ತಿದೆ.”

ಸೌಜನ್ಯ ಎದ್ದಳು. ಹೊಸಿಲವರೆಗೆ ಬಂದಳು. ಹದಿಮೂರು ದಿನದ ಮೇಲೆ ಮೊದಲ ಸಲ ಅವಳ ಮುಖಕ್ಕೆ ಒಂದಿಷ್ಟು ರಕ್ತ ಬಂದಿತ್ತು. ಒಂದು ಕಾಲು ಹೊರಗಿಟ್ಟವಳು ಹಾಗೇ ನಿಂತುಬಿಟ್ಟಳು.

ಜೀಪಿನೊಳಗಿನ ವೈರ್‌ಲೆಸ್ ಕರಕರ ಎಂದಿತು. ಯಾವುದೋ ಠಾಣೆ ಯಾವುದೋ ಗಾಡಿಯನ್ನು ಕರೆಯಿತು, ಸುಮ್ಮನಾಯಿತು, ಮತ್ತೆ ಕರಕರ ಎಂದಿತು.

ಅವಳು ಆ ಸದ್ದನ್ನು ಕೇಳಿಸಿಕೊಂಡಳು. ಮುಖಕ್ಕೆ ಬಂದಿದ್ದ ರಕ್ತ ಬಂದ ಹಾಗೇ ಇಳಿದುಹೋಯಿತು. ಹೊರಗಿಟ್ಟ ಕಾಲನ್ನು ಒಳಗೆ ಎಳೆದುಕೊಂಡಳು.

“ಏನಾಯ್ತು?” ಎಂದಳು ನೌರೀನ್.

“ಕೃತಿಕಾ ಮಾತಾಡುವಾಗ ಅವಳ ಹಿಂದೆ ದಿನಾ ಈ ಸದ್ದು ಬರ್ತಿತ್ತು ಮೇಡಂ. ಟಿವಿ ಕೆಟ್ಟಿದೆ ಅಂದ್ಕೊಂಡಿದ್ದೆ.”

ಕಲ್ಲೇಶ್ ಸ್ಟಿಯರಿಂಗ್ ಮೇಲಿಂದ ಕೈ ತೆಗೆದ. ವೈರ್‌ಲೆಸ್ ಸೆಟ್ಟು ಮನೆಯವರೆಗೂ ಹೋಗುವುದು ಪೊಲೀಸ್ ಸಾಹೇಬರುಗಳದ್ದು ಮಾತ್ರ ಎಂದು ಅವನಿಗೆ ಗೊತ್ತಿತ್ತು. ಕಣದ ತುದಿಯಲ್ಲಿ ಶಶಿಧರ್ ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಅವನು ನಗುತ್ತಿದ್ದನೋ ಇಲ್ಲವೋ ಅಷ್ಟು ದೂರಕ್ಕೆ ತಿಳಿಯಲಿಲ್ಲ.

ನೌರೀನ್ ಅವಳ ತೋಳು ಹಿಡಿದಳು. ಹೊತ್ತು ಮೀರುತ್ತಿದೆ, ನನ್ನನ್ನು ನಂಬಿ, ಹತ್ತಿ ಎಂದಳು. ಹೇಳುವಾಗ ತನ್ನ ದನಿ ಆಜ್ಞೆಯ ಹಾಗೆ ಕೇಳುತ್ತಿದೆ ಎಂಬುದು ಅವಳಿಗೇ ಗೊತ್ತಾಯಿತು.

ಸೌಜನ್ಯ ತೋಳು ಬಿಡಿಸಿಕೊಂಡಳು. ಹಿಂದೆ ಸರಿದು, ಕುರ್ಚಿಯನ್ನು ಬಾಗಿಲಿಗೆ ಅಡ್ಡಲಾಗಿ ಎಳೆದು ಹಾಕಿಕೊಂಡು ಕೂತಳು.

“ನಿಮ್ಮನ್ನ ನಂಬ್ತೀನಿ. ಆ ಜೀಪು ಹತ್ತಲ್ಲ. ಯಾವ ಮನೇಲಿ ಆ ಸದ್ದು ಬರುತ್ತೆ ಅಂತ ನೀವು ತಿಳ್ಕೊಂಡು ಬರೋ ತನಕ ನಾನು ಈ ಕುರ್ಚಿ ಬಿಟ್ಟು ಏಳಲ್ಲ.”